ನಾಲ್ಕು ಗಾಲಿಯ ಬಲ, ನಾಲ್ಕು ತಾಲೂಕಿನ ನೆಲ

ಎಂಜಿನ್ನಿನ ಬಲವನ್ನು ನಾಲ್ಕೂ ಗಾಲಿಗಳಿಗೆ ಹಂಚುವ ವಾಹನವನ್ನು ಡಾಂಬರು ಬಿಟ್ಟ ನೆಲದಲ್ಲಿ, ಬೇಕೆಂದೇ ಕಷ್ಟದ ದಾರಿ ಹಿಡಿದು ಓಡಿಸುವ ಹವ್ಯಾಸವೇ ಆಫ್‌ರೋಡಿಂಗ್. ಇದರಲ್ಲಿ ವೇಗಕ್ಕೆ ಬೆಲೆಯಿಲ್ಲ. ಇಡೀ ದಿನ ಓಡಿಸಿದರೂ ಕ್ರಮಿಸಿದ ದೂರ ಕೆಲವೇ ಕಿಲೋಮೀಟರ್ ಇರಬಹುದು. ಕೆಸರು, ಕೊರಕಲು, ಹಳ್ಳ, ಕಲ್ಲಿನ ಏರು ಇವುಗಳನ್ನು ಗಾಡಿ ಮುರಿಯದಂತೆ, ನೆಲ ಕೆಡದಂತೆ ದಾಟಿ ಆಚೆ ಸೇರುವುದೇ ಗುರಿ. ಈಗಿನ ದುಬಾರಿ ವಾಹನಗಳು ಈ ಕೆಲಸದ ಬಹುಪಾಲನ್ನು ತಾವೇ ಮಾಡಿಕೊಡುತ್ತವೆ. ನೆಲವನ್ನು ಓದುವುದು, ಗಾಲಿಯ ಹಿಡಿತವನ್ನು ಮೈಯಿಂದಲೇ ಅರಿಯುವುದು, ಗೇರನ್ನು ಸರಿಯಾದ ಹೊತ್ತಿಗೆ ಆರಿಸುವುದು ಮುಂತಾದ ವಿದ್ಯೆಯನ್ನು ಪೂರ್ತಿಯಾಗಿ ಚಾಲಕನ ಕೈಗೇ ಬಿಡುವುದು ಅಗ್ಗದ, ಹಳೆಯ ಜೀಪು ಮತ್ತು ಜಿಪ್ಸಿಗಳು. ಈ ಹವ್ಯಾಸದ ನಿಜವಾದ ಸುಖ ಇರುವುದೂ ಅಲ್ಲಿಯೇ.

ಹಾವೇರಿ ಜಿಲ್ಲೆಯ ಹಾನಗಲ್, ಶಿಗ್ಗಾವಿ, ಸವಣೂರು ಮತ್ತು ಹಿರೇಕೆರೂರು ತಾಲೂಕುಗಳು ಈ ವಿದ್ಯೆಗೆ ಒದಗಿ ಬರುವ ನೆಲ. ಮಲೆನಾಡು ಮುಗಿದು ಬಯಲುಸೀಮೆ ಶುರುವಾಗುವ ಪಟ್ಟಿಯಲ್ಲಿ ಇವು ಇವೆ. ಪಶ್ಚಿಮದಲ್ಲಿ ಕಾಡು ಮತ್ತು ಭತ್ತದ ಗದ್ದೆ, ಪೂರ್ವದಲ್ಲಿ ಎರೆ ಹೊಲ, ದಕ್ಷಿಣದಲ್ಲಿ ಮಸಾರಿ ಮಣ್ಣು ಮತ್ತು ಕಲ್ಲುಗುಡ್ಡ, ನಡುವೆ ವರದಾ, ಧರ್ಮಾ, ಕುಮುದ್ವತಿ ನದಿಗಳು. ಒಂದು ದಿನದ ಓಡಾಟದಲ್ಲಿ ಇಷ್ಟು ಬಗೆಯ ಮಣ್ಣು ಗಾಲಿಯ ಕೆಳಗೆ ಬರುವ ಪ್ರದೇಶಗಳು ಹೆಚ್ಚಿಲ್ಲ.

ಜೀಪು ಹಳ್ಳಿಗೆ ಬಂದ ಬಗೆ

ನಾಲ್ಕು ಗಾಲಿ ಚಾಲನೆಯ ಸಣ್ಣ ವಾಹನ ಹುಟ್ಟಿದ್ದು ಎರಡನೆಯ ಮಹಾಯುದ್ಧದ ಅವಸರದಲ್ಲಿ. 1940ರ ಜುಲೈನಲ್ಲಿ ಅಮೆರಿಕದ ಸೇನೆ ಹಗುರವಾದ ವಾಹನವೊಂದಕ್ಕಾಗಿ 135 ತಯಾರಕರಿಗೆ ಕರೆ ಕಳಿಸಿತು. ಮೊದಲ ಮಾದರಿಯನ್ನು 49 ದಿನಗಳಲ್ಲಿ ಒಪ್ಪಿಸಬೇಕಿತ್ತು. ಅಮೆರಿಕನ್ ಬ್ಯಾಂಟಮ್ ಎಂಬ ಸಣ್ಣ ಕಂಪನಿ ಅದನ್ನು ಮಾಡಿ ತೋರಿಸಿತು. ಮುಂದೆ ಭಾರಿ ಪ್ರಮಾಣದ ತಯಾರಿಕೆ ವಿಲ್ಲಿಸ್ ಮತ್ತು ಫೋರ್ಡ್ ಕಂಪನಿಗಳ ಪಾಲಾಯಿತು. ಯುದ್ಧ ಮುಗಿಯುವ ಹೊತ್ತಿಗೆ 6 ಲಕ್ಷಕ್ಕೂ ಹೆಚ್ಚು ಜೀಪುಗಳು ತಯಾರಾಗಿದ್ದವು.

ಭಾರತದಲ್ಲಿ 1945ರಲ್ಲಿ ಮಹೀಂದ್ರಾ ಅಂಡ್ ಮೊಹಮ್ಮದ್ ಎಂಬ ಹೆಸರಿನಲ್ಲಿ ಶುರುವಾದ ಕಂಪನಿ 1948ರಲ್ಲಿ ಮಹೀಂದ್ರಾ ಅಂಡ್ ಮಹೀಂದ್ರಾ ಆಯಿತು. ಅದು ವಿಲ್ಲಿಸ್ ಜೀಪಿನ ಬಿಡಿಭಾಗಗಳನ್ನು ತರಿಸಿ ಮುಂಬೈಯಲ್ಲಿ ಜೋಡಿಸತೊಡಗಿತು. ಮುಂದೆ ಸಿಜೆ 3ಬಿ, ಸಿಜೆ 340, ಎಂಎಂ 540, ಎಂಎಂ 550, ಮೇಜರ್, ಕಮಾಂಡರ್, ಕ್ಲಾಸಿಕ್ ಹೀಗೆ ಒಂದೇ ಮನೆತನದ ಹಲವು ಮಾದರಿಗಳು ಬಂದವು. ಸೇನೆ, ಪೊಲೀಸ್, ಕಂದಾಯ ಮತ್ತು ಅರಣ್ಯ ಇಲಾಖೆಗಳ ಕೆಲಸ ದಶಕಗಳ ಕಾಲ ನಡೆದದ್ದು ಈ ಗಾಡಿಗಳ ಮೇಲೆ. ಡೀಸೆಲ್ ಮಾದರಿಗಳಲ್ಲಿ ಕೆಲವಕ್ಕೆ ಇಂಟರ್‌ನ್ಯಾಷನಲ್ ಟ್ರ್ಯಾಕ್ಟರ್ ಮೂಲದ ಎಂಜಿನ್, ಇನ್ನು ಕೆಲವಕ್ಕೆ 2112 ಸಿಸಿಯ ಪ್ಯೂಜೋ ವಿನ್ಯಾಸದ ಎಂಜಿನ್ ಇತ್ತು. ಟ್ರ್ಯಾಕ್ಟರ್ ಬಿಚ್ಚಿ ಜೋಡಿಸಿ ಪಳಗಿದ ಮಿಸ್ತ್ರಿಗೆ ಮೊದಲನೆಯ ಬಗೆಯ ಎಂಜಿನ್ ಹೊಸದೇನಲ್ಲ. ಕೃಷಿಯೇ ಮುಖ್ಯವಾದ ಸೀಮೆಯಲ್ಲಿ ಹಳೆಯ ಜೀಪು ಬಹುಕಾಲ ಬಾಳಿದ್ದಕ್ಕೆ ಇದೂ ಒಂದು ಕಾರಣ.

ಇನ್ನೊಂದು ಕುಲ ಮಾರುತಿ ಜಿಪ್ಸಿಯದು. ಸುಜುಕಿಯ ಎಸ್‌ಜೆ 410 ಮಾದರಿಯನ್ನು ಉದ್ದ ಮಾಡಿ 1985ರಲ್ಲಿ ಮಾರುಕಟ್ಟೆಗೆ ತಂದ ಈ ಗಾಡಿಗೆ ಮೊದಲು 970 ಸಿಸಿ ಪೆಟ್ರೋಲ್ ಎಂಜಿನ್ ಇತ್ತು. 1996ರಿಂದ 1.3 ಲೀಟರಿನ ಎಂಜಿನ್ ಬಂತು. ತೂಕ ಸುಮಾರು ಒಂದು ಟನ್ ಮಾತ್ರ. ಸಾರ್ವಜನಿಕರಿಗೆ ಮಾರಾಟ 2019ರಲ್ಲಿ ನಿಂತರೂ, ಸೇನೆಯಿಂದ ವಿಲೇವಾರಿಯಾದ ಮತ್ತು ಕೈಯಿಂದ ಕೈಗೆ ದಾಟಿದ ಜಿಪ್ಸಿಗಳು ಈಗಲೂ ಸಿಗುತ್ತವೆ. ಜಬಲ್‌ಪುರದ ವಾಹನ ಕಾರ್ಖಾನೆಯಲ್ಲಿ ನಿಸ್ಸಾನ್ ವಿನ್ಯಾಸದ ಮೇಲೆ ಸೇನೆಗಾಗಿ ತಯಾರಾದ ಜೋಂಗಾ ಮೂರನೆಯ ಬಗೆ. ಅದರ ಆರು ಸಿಲಿಂಡರಿನ ಪೆಟ್ರೋಲ್ ಎಂಜಿನ್ ಬಲಶಾಲಿಯಾದರೂ ಇಂಧನವನ್ನು ಧಾರಾಳವಾಗಿ ಕುಡಿಯುತ್ತದೆ. ಹೀಗಾಗಿ ಕಡಿಮೆ ಖರ್ಚಿನ ಹವ್ಯಾಸಕ್ಕೆ ಅದು ಹೊಂದುವುದಿಲ್ಲ.

ಕರ್ನಾಟಕದಲ್ಲಿ ಹಳೆಯ ಜೀಪಿನ ಶಕ್ತಿಯನ್ನು ಸಾಮಾನ್ಯ ಜನ ಕಣ್ಣಾರೆ ಕಂಡಿರುವುದು ಕೊಡಚಾದ್ರಿಯ ದಾರಿಯಲ್ಲಿ ಮತ್ತು ಮಡಿಕೇರಿ ಬಳಿಯ ಮಾಂದಲಪಟ್ಟಿಯ ದಾರಿಯಲ್ಲಿ. 1343 ಮೀಟರ್ ಎತ್ತರದ ಕೊಡಚಾದ್ರಿಗೆ ಬಾಡಿಗೆ ಜೀಪುಗಳು ಕೊರಕಲು ಬಿದ್ದ ಮಣ್ಣುದಾರಿಯಲ್ಲಿ, ಕಲ್ಲಿನಿಂದ ಕಲ್ಲಿಗೆ ಗಾಲಿ ಇಟ್ಟು ಹತ್ತುತ್ತವೆ. ಅಲ್ಲಿನ ಚಾಲಕರಿಗೆ ಅದು ಹೊಟ್ಟೆಪಾಡಿನ ಕೆಲಸ. ಹವ್ಯಾಸಿಗಳು ಅವರಿಂದ ಕಲಿಯಬೇಕಾದದ್ದು ಬಹಳ ಇದೆ. ಯಾವ ಕಲ್ಲಿನ ಮೇಲೆ ಯಾವ ಗಾಲಿ ಹತ್ತಬೇಕು ಎಂಬುದನ್ನು ಅವರು ಹತ್ತು ಅಡಿ ಮೊದಲೇ ತೀರ್ಮಾನಿಸಿರುತ್ತಾರೆ.

ಯಂತ್ರದ ಒಳಗಿನ ಲೆಕ್ಕ

ಸಾಮಾನ್ಯ ಜೀಪಿನಲ್ಲಿ ಎಂಜಿನ್ನಿನ ಬಲ ಗೇರ್‌ಬಾಕ್ಸ್ ದಾಟಿ ಹಿಂದಿನ ಗಾಲಿಗಳಿಗೆ ಹೋಗುತ್ತದೆ. ನಾಲ್ಕು ಗಾಲಿ ಚಾಲನೆಯ ಗಾಡಿಯಲ್ಲಿ ಗೇರ್‌ಬಾಕ್ಸಿನ ಬೆನ್ನಿಗೆ ಟ್ರಾನ್ಸ್‌ಫರ್ ಕೇಸ್ ಎಂಬ ಇನ್ನೊಂದು ಪೆಟ್ಟಿಗೆ ಇರುತ್ತದೆ. ಅಲ್ಲಿಂದ ಒಂದು ಪ್ರೊಪೆಲ್ಲರ್ ಶಾಫ್ಟ್ ಹಿಂದಕ್ಕೆ, ಇನ್ನೊಂದು ಮುಂದಕ್ಕೆ ಹೊರಡುತ್ತದೆ. ಇದನ್ನು ನಡೆಸಲು ಗೇರ್ ಲಿವರಿನ ಪಕ್ಕದಲ್ಲಿ ಒಂದು ಅಥವಾ ಎರಡು ಚಿಕ್ಕ ಲಿವರುಗಳಿರುತ್ತವೆ. ಅವುಗಳಿಂದ ಮೂರು ಬಗೆಯ ಚಾಲನೆ ಸಾಧ್ಯ. ಎರಡು ಗಾಲಿಯ ಚಾಲನೆ ಡಾಂಬರಿಗೆ. ನಾಲ್ಕು ಗಾಲಿಯ ಹೈ ಜಾರುವ ಮಣ್ಣುದಾರಿಗೆ. ನಾಲ್ಕು ಗಾಲಿಯ ಲೋ ಕಡಿದಾದ ಏರಿಳಿತ, ಕಲ್ಲು ಮತ್ತು ಆಳ ಕೆಸರಿಗೆ.

ಲೋ ಹಾಕಿದಾಗ ವಿಲ್ಲಿಸ್ ಮನೆತನದ ಜೀಪಿನಲ್ಲಿ ಶಾಫ್ಟಿನ ವೇಗ 2.46 ಪಟ್ಟು ತಗ್ಗಿ, ಎಳೆಯುವ ಬಲ ಹೆಚ್ಚುಕಡಿಮೆ ಅಷ್ಟೇ ಪಟ್ಟು ಏರುತ್ತದೆ. ಮೊದಲ ಗೇರಿನಲ್ಲಿ ಆಕ್ಸಿಲರೇಟರ್ ಮುಟ್ಟದೆ ಬಿಟ್ಟರೂ ಗಾಡಿ ಮನುಷ್ಯನ ನಡಿಗೆಗಿಂತ ನಿಧಾನವಾಗಿ, ನಿಲ್ಲದೆ ಸಾಗುತ್ತದೆ. ಆಫ್‌ರೋಡಿಂಗ್ ನಿಂತಿರುವುದು ಈ ನಿಧಾನದ ಮೇಲೆ. ಅರವತ್ತು, ಎಪ್ಪತ್ತು ಅಶ್ವಶಕ್ತಿಯ ಹಳೆಯ ಎಂಜಿನ್ ದೊಡ್ಡ ಗುಡ್ಡ ಹತ್ತುವುದು ಗೇರುಗಳ ಈ ಲೆಕ್ಕಾಚಾರದಿಂದಲೇ.

ಈ ಗಾಡಿಗಳ ಮುಂದಿನ ಮತ್ತು ಹಿಂದಿನ ಶಾಫ್ಟುಗಳ ನಡುವೆ ವೇಗದ ವ್ಯತ್ಯಾಸಕ್ಕೆ ಎಡೆ ಕೊಡುವ ಡಿಫರೆನ್ಷಿಯಲ್ ಇರುವುದಿಲ್ಲ. ತಿರುವಿನಲ್ಲಿ ಮುಂದಿನ ಗಾಲಿಗಳು ಹಿಂದಿನವುಗಳಿಗಿಂತ ಹೆಚ್ಚು ದೂರ ಉರುಳಬೇಕು. ಮಣ್ಣಿನ ಮೇಲೆ ಗಾಲಿ ಕೊಂಚ ಜಾರಿ ಈ ವ್ಯತ್ಯಾಸ ಸರಿಹೋಗುತ್ತದೆ. ಡಾಂಬರಿನ ಮೇಲೆ ಜಾರಲು ಆಗದೆ ಹಲ್ಲು, ಶಾಫ್ಟು, ಜಾಯಿಂಟುಗಳ ಮೇಲೆ ಬಿಗಿತ ಏರುತ್ತದೆ, ಲಿವರ್ ಬಿಡಿಸಲೂ ಆಗದಂತೆ ಹಿಡಿದುಕೊಳ್ಳುತ್ತದೆ. ಆದ್ದರಿಂದ ಗಟ್ಟಿ ರಸ್ತೆಗೆ ಬಂದ ಕೂಡಲೇ ಎರಡು ಗಾಲಿಗೆ ಮರಳಬೇಕು ಎಂಬುದು ಹಳೆಯ ಜೀಪಿನ ಮೊದಲ ನಿಯಮ.

ಎರಡನೆಯ ಸಂಗತಿ, ಎಡ ಮತ್ತು ಬಲ ಗಾಲಿಗಳ ನಡುವಿನ ಡಿಫರೆನ್ಷಿಯಲ್. ಅದರ ಗುಣವೇ ಸುಲಭವಾಗಿ ತಿರುಗುವ ಗಾಲಿಗೆ ತಿರುಗಲು ಬಿಡುವುದು. ಕೊರಕಲಿಗೆ ಅಡ್ಡಡ್ಡ ಇಳಿದಾಗ ಮುಂದಿನ ಒಂದು ಗಾಲಿ ಮತ್ತು ಅದಕ್ಕೆ ಓರೆಯಾಗಿರುವ ಹಿಂದಿನ ಒಂದು ಗಾಲಿ ನೆಲ ಬಿಟ್ಟರೆ, ಆ ಎರಡೂ ಗಾಳಿಯಲ್ಲಿ ಗಿರಗಿರನೆ ತಿರುಗುತ್ತವೆ. ನೆಲದ ಮೇಲಿರುವ ಎರಡು ಗಾಲಿಗಳು ಸುಮ್ಮನೆ ನಿಲ್ಲುತ್ತವೆ. ನಾಲ್ಕು ಗಾಲಿ ಚಾಲನೆ ಇದ್ದರೂ ಗಾಡಿ ಸಿಕ್ಕಿಕೊಳ್ಳುವುದು ಹೀಗೆ. ಹೊಸ ವಾಹನಗಳಲ್ಲಿ ಇದನ್ನು ಸೆನ್ಸರ್ ಮತ್ತು ಬ್ರೇಕುಗಳು ಸರಿಪಡಿಸುತ್ತವೆ. ಹಳೆಯದರಲ್ಲಿ ಸರಿಪಡಿಸುವವನು ಚಾಲಕ. ಗಾಲಿ ಎಲ್ಲಿ ನೆಲ ಬಿಡುತ್ತದೆ ಎಂದು ಮೊದಲೇ ಊಹಿಸಿ, ನಾಲ್ಕೂ ಗಾಲಿಗೆ ನೆಲ ಸಿಗುವ ಗೆರೆಯನ್ನು ಅವನೇ ಆರಿಸಿಕೊಳ್ಳಬೇಕು. ಆ ಊಹೆ ನಿಜವಾಗಿ, ಗಾಡಿ ಸದ್ದಿಲ್ಲದೆ ದಾಟಿದಾಗ ಆಗುವ ಸಂತೋಷವೇ ಈ ಹವ್ಯಾಸದ ತಿರುಳು.

ಹಳೆಯದರಿಂದ ಆಗುವ ಲಾಭಗಳು ಇನ್ನೂ ಇವೆ. ಬಾಗಿಲು, ಬಂಪರಿಗೆ ಗೀರು ಬಿದ್ದರೆ ಮನಸ್ಸು ಕುಗ್ಗುವುದಿಲ್ಲ. ಲೀಫ್ ಸ್ಪ್ರಿಂಗು ಮತ್ತು ಇಡಿಯಾದ ಆಕ್ಸಲ್ ಒರಟು ಎನಿಸಿದರೂ ಕಲ್ಲಿನ ಪೆಟ್ಟು ತಾಳುತ್ತವೆ. ಬಾನೆಟ್ ಎತ್ತಿದರೆ ಪ್ರತಿ ಭಾಗವೂ ಕಣ್ಣಿಗೆ ಕಾಣುತ್ತದೆ, ಕೈಗೆ ಎಟಕುತ್ತದೆ. ಒಂದು ಸ್ಪ್ಯಾನರ್ ಸೆಟ್ಟು, ತಾಳ್ಮೆ, ಊರಿನ ಗ್ಯಾರೇಜಿನ ನಂಟು ಇದ್ದರೆ ರಿಪೇರಿಯನ್ನೂ ಕಲಿಯಬಹುದು. ಗಾಡಿಯನ್ನು ಬಿಚ್ಚಿ ಅರಿತವನು ಓಡಿಸುವಾಗಲೂ ಅದರ ಮಿತಿ ಬಲ್ಲವನಾಗಿರುತ್ತಾನೆ.

ನಾಲ್ಕು ತಾಲೂಕು, ನಾಲ್ಕು ಪಾಠ

ಸವಣೂರು ತಾಲೂಕಿನ ಬಹುಭಾಗ ಎರೆ ಭೂಮಿ. ದೊಡ್ಡ ಹುಣಸೆ ಮರಗಳಿಗೂ ವೀಳ್ಯದೆಲೆಗೂ ಹೆಸರಾದ ಈ ಪಟ್ಟಣದ ಸುತ್ತಲಿನ ಹೊಲದ ದಾರಿಗಳು ಬೇಸಿಗೆಯಲ್ಲಿ ಕಲ್ಲಿನಂತೆ ಗಟ್ಟಿ. ಕಪ್ಪು ಮಣ್ಣಿನಲ್ಲಿರುವ ಜೇಡಿಯ ಕಣಗಳು ನೀರು ಕುಡಿದು ಉಬ್ಬುತ್ತವೆ, ಒಣಗಿದಾಗ ಕುಗ್ಗಿ ಬಿರುಕು ಬಿಡುತ್ತವೆ. ಮಳೆ ಬಿದ್ದ ಕೂಡಲೇ ಮೇಲ್ಪದರ ಬೆಣ್ಣೆಯಂತೆ ಜಾರುತ್ತದೆ. ಇನ್ನೊಂದಿಷ್ಟು ಮಳೆಯಾದರೆ ಮಣ್ಣು ಗಾಲಿಗೆ ಮೆತ್ತಿ, ಟಯರಿನ ಹಲ್ಲುಗಳೆಲ್ಲ ಮುಚ್ಚಿ, ಕೊನೆಗೆ ಗಾಲಿ ಮತ್ತು ಮಡ್‌ಗಾರ್ಡ್ ನಡುವೆ ಒತ್ತಿಕೊಂಡು ಗಾಲಿ ತಿರುಗುವುದೇ ನಿಲ್ಲುತ್ತದೆ. ಕೆಳಗೆ ಆಳದವರೆಗೂ ಅದೇ ಮಣ್ಣು. ಕೊರೆದಷ್ಟೂ ಗಟ್ಟಿ ನೆಲ ಸಿಗದೆ ಗಾಡಿ ಹೊಟ್ಟೆಯ ಮೇಲೆ ಕೂರುತ್ತದೆ. ಎರೆ ಹೊಲದ ರೈತ ಮಳೆ ಬಿದ್ದ ಮರುದಿನವೇ ಕುಂಟೆ ಹೂಡುವುದಿಲ್ಲ, ಹದ ಬರುವವರೆಗೆ ಕಾಯುತ್ತಾನೆ. ಜೀಪಿನವನೂ ಹಾಗೆಯೇ ಕಾಯಬೇಕು. ಎಲ್ಲಿ ಹೋಗಬಾರದು, ಯಾವಾಗ ಹೋಗಬಾರದು ಎಂಬ ತಿಳಿವಳಿಕೆಯೇ ಸವಣೂರಿನ ಮಣ್ಣು ಕಲಿಸುವ ಪಾಠ.

ಹಿರೇಕೆರೂರು ತಾಲೂಕಿನಲ್ಲಿ ಮಸಾರಿ ಮಣ್ಣು ಹೆಚ್ಚು. ಮರಳು ಮತ್ತು ಗರಸು ಬೆರೆತ ಕೆಂಪು ನೆಲದಲ್ಲಿ ನೀರು ಬೇಗ ಇಂಗುತ್ತದೆ. ಜೋರು ಮಳೆ ನಿಂತ ಕೆಲವು ಗಂಟೆಗಳಲ್ಲಿಯೇ ದಾರಿ ಗಾಲಿ ಹಿಡಿಯುತ್ತದೆ. ಆದರೆ ಹರಿಯುವ ನೀರು ಈ ಮಣ್ಣನ್ನು ಸುಲಭವಾಗಿ ಕೊಚ್ಚುವುದರಿಂದ ಇಳಿಜಾರಿನ ದಾರಿಗಳಲ್ಲಿ ಆಳವಾದ ಕೊರಕಲುಗಳು ಬೀಳುತ್ತವೆ. ಗಾಲಿ ಗಾಳಿಗೆ ಏಳುವ ಅಡ್ಡ ಕೊರಕಲಿನ ಪಾಠ ಇಲ್ಲಿಯದು. ಮಾಸೂರಿನ ಬಳಿ ಎರಡು ಗುಡ್ಡಗಳ ನಡುವೆ ಕುಮುದ್ವತಿಗೆ ಅಡ್ಡಲಾಗಿ ಕಟ್ಟಿದ, ವಿಜಯನಗರ ಕಾಲದ ಮದಗದ ಕೆರೆ ಈ ಸೀಮೆಯ ಹೆಮ್ಮೆ. ಆ ಗುಡ್ಡಸಾಲನ್ನು ನೋಡಿದವರಿಗೆ ಇಲ್ಲಿನ ನೆಲದ ಕಲ್ಲು ಮತ್ತು ಇಳಿಜಾರಿನ ಸ್ವಭಾವ ತಿಳಿಯುತ್ತದೆ. ಗರಸಿನ ಏರಿನಲ್ಲಿ ಸಣ್ಣ ಉರುಟು ಕಲ್ಲುಗಳು ಗಾಲಿಯ ಕೆಳಗೆ ಉರುಳುತ್ತವೆ. ಅಲ್ಲಿ ಹೆಚ್ಚು ಆಕ್ಸಿಲರೇಟರ್ ಕೊಟ್ಟವನು ಮೇಲೆ ಹೋಗದೆ ಗುಂಡಿ ತೋಡುತ್ತಾನೆ. ಎರಡನೆಯ ಗೇರಿನಲ್ಲಿ ಒಂದೇ ಹದದ ವೇಗ ಕಾಯ್ದುಕೊಂಡವನು ಹತ್ತುತ್ತಾನೆ.

ಹಾನಗಲ್ ಅರೆಮಲೆನಾಡು. ನಾಲ್ಕರಲ್ಲಿ ಮಳೆ ಹೆಚ್ಚು ಬೀಳುವ ತಾಲೂಕು ಇದು. ಪಟ್ಟಣದ ಆನೆಕೆರೆಯಿಂದ ಹಿಡಿದು ಹಳ್ಳಿಹಳ್ಳಿಗೂ ಕೆರೆಗಳು, ಧರ್ಮಾ ಕಾಲುವೆ, ಕೂರಿಗೆ ಭತ್ತದ ಹೊಲಗಳು, ಮಾವು ಮತ್ತು ಅಡಿಕೆಯ ತೋಟಗಳು. ಇಲ್ಲಿ ನೀರಿನ ಪಾಠ. ಬೇಸಿಗೆಯ ಕೆರೆ ಅಂಗಳ ನೋಡಲು ಬಯಲಿನಂತೆ ಕಂಡರೂ ನಂಬುವಂತಿಲ್ಲ. ಮೇಲೆ ಒಣಗಿ ಬಿರಿದ ಹೆಪ್ಪು, ಅದರಡಿ ಮೊಣಕಾಲು ಮಟ್ಟದ ಹಸಿ ಹೂಳು. ಹೂಳು ಹೊತ್ತ ಟ್ರ್ಯಾಕ್ಟರುಗಳು ಓಡಾಡಿದ ಜಾಡು ಗಟ್ಟಿಯಾಗಿರುತ್ತದೆ, ಅದರಿಂದ ಹತ್ತು ಅಡಿ ಆಚೆ ಹಾಗಿರುವುದಿಲ್ಲ. ತೋಟದ ನಡುವಿನ ದಾರಿಗಳು ಮಳೆಗಾಲದಲ್ಲಿ ಪಾಚಿ ಮತ್ತು ತರಗೆಲೆಯಿಂದ ಜಾರುತ್ತವೆ. ಬಾಗಿದ ಇಳಿಜಾರಿನಲ್ಲಿ ಬ್ರೇಕ್ ಒತ್ತಿದರೆ ಗಾಡಿ ಪಕ್ಕಕ್ಕೆ ಹೊರಳುತ್ತದೆ.

ಶಿಗ್ಗಾವಿ ತಾಲೂಕು ಈ ಎಲ್ಲದರ ಮಿಶ್ರಣ. ಪಶ್ಚಿಮಕ್ಕೆ ದುಂಡಶಿಯ ಕಡೆ ಕಾಡಂಚು ಮತ್ತು ದಿಣ್ಣೆಗಳು, ಪೂರ್ವಕ್ಕೆ ಎರೆಯ ಹೊಲಗಳು, ನಡುವೆ ಪುಣೆ ಬೆಂಗಳೂರು ಹೆದ್ದಾರಿ. ಬಂಕಾಪುರದ ಕೋಟೆ, ಕನಕದಾಸರ ಬಾಡ, ಶರೀಫರ ಶಿಶುನಾಳ ಈ ತಾಲೂಕಿನವೇ. ಇಲ್ಲಿ ಒಂದೇ ದಾರಿಯಲ್ಲಿ ಮಣ್ಣು ಎರಡು ಮೂರು ಸಲ ಬದಲಾಗುತ್ತದೆ. ಗರಸಿನ ಏರು ದಾಟಿ ಇಳಿದರೆ ಹಳ್ಳದ ಬದಿಯ ಕಪ್ಪು ಜೇಡಿ ಎದುರಾಗುತ್ತದೆ. ಮಣ್ಣಿನ ಬಣ್ಣ ಬದಲಾದ ಕೂಡಲೇ ಗೇರು, ವೇಗ, ಗೆರೆ ಎಲ್ಲವನ್ನೂ ಬದಲಾಯಿಸುವ ಚುರುಕು ಇಲ್ಲಿ ಬೆಳೆಯುತ್ತದೆ.

ಓಡಿಸುವ ಕ್ರಮ

ಮೊದಲ ಕೆಲಸ ಗಾಡಿಯಿಂದ ಇಳಿಯುವುದು. ದಾಟಬೇಕಾದ ಜಾಗವನ್ನು ಒಮ್ಮೆ ಕಾಲ್ನಡಿಗೆಯಲ್ಲಿ ದಾಟಬೇಕು. ಕೆಸರಿಗೆ ಕೋಲು ಚುಚ್ಚಿ ಆಳ ನೋಡಬೇಕು. ಹೊರಬರುವ ದಾರಿ ಇದೆಯೇ ಎಂದು ಖಚಿತ ಮಾಡಿಕೊಂಡ ಮೇಲೆಯೇ ಒಳಹೋಗಬೇಕು. ಕಷ್ಟದ ಜಾಗದಲ್ಲಿ ಒಬ್ಬರು ಮುಂದೆ ನಿಂತು ಕೈಸನ್ನೆಯಿಂದ ದಾರಿ ತೋರಿಸಬೇಕು. ಹತ್ತು ಜನ ಹತ್ತು ಕಡೆಯಿಂದ ಕೂಗಿದರೆ ಅಪಾಯವೇ ಹೆಚ್ಚು, ಸನ್ನೆ ಮಾಡುವವರು ಒಬ್ಬರೇ ಇರಬೇಕು.

ಎರಡನೆಯದು ಟಯರಿನ ಗಾಳಿ. ರಸ್ತೆಯಲ್ಲಿ 28 ರಿಂದ 30 ಪೌಂಡ್ ಇರುವ ಗಾಳಿಯನ್ನು 18ರ ಆಸುಪಾಸಿಗೆ ಇಳಿಸಿದರೆ ಟಯರ್ ಅಗಲವಾಗಿ, ಉದ್ದವಾಗಿ ನೆಲಕ್ಕೆ ಒರಗುತ್ತದೆ. ಗಾಡಿಯ ಭಾರ ಹೆಚ್ಚು ಜಾಗಕ್ಕೆ ಹಂಚಿಹೋಗುತ್ತದೆ, ಹಿಡಿತ ಹೆಚ್ಚುತ್ತದೆ. ಇದಕ್ಕೆ ಖರ್ಚಿಲ್ಲ, ಆದರೆ ಇಷ್ಟು ಫಲ ಕೊಡುವ ಉಪಾಯ ಇನ್ನೊಂದಿಲ್ಲ. ಹಳೆಯ ಜೀಪುಗಳ ಟಯರಿನಲ್ಲಿ ಟ್ಯೂಬ್ ಇರುವುದರಿಂದ ಗಾಳಿಯನ್ನು ಅತಿಯಾಗಿ ಇಳಿಸಬಾರದು. ರಿಮ್ಮಿನ ಮೇಲೆ ಟಯರ್ ಜಾರಿ ಟ್ಯೂಬಿನ ವಾಲ್ವ್ ಕಿತ್ತುಬರುತ್ತದೆ. ಡಾಂಬರಿಗೆ ಮರಳುವ ಮೊದಲು ಮತ್ತೆ ಗಾಳಿ ತುಂಬಲೇಬೇಕು. ಆದ್ದರಿಂದ ಒಂದು ಪಂಪು ಜೊತೆಗಿರಬೇಕು.

ಏರು ಹತ್ತುವಾಗ ನೇರವಾಗಿ ಹತ್ತಬೇಕು. ಅಡ್ಡವಾಗಿ ತಿರುಗಿದ ಗಾಡಿ ಉರುಳುತ್ತದೆ. ಅರ್ಧದಲ್ಲಿ ನಿಂತುಹೋದರೆ ತಿರುಗಿಸುವ ಯತ್ನ ಮಾಡದೆ, ಬ್ರೇಕ್ ಹಿಡಿದು, ರಿವರ್ಸ್ ಗೇರ್ ಹಾಕಿ, ಬಂದ ಜಾಡಿನಲ್ಲಿಯೇ ನೇರ ಹಿಂದಕ್ಕೆ ಇಳಿಯಬೇಕು. ಇಳಿಜಾರಿನಲ್ಲಿ ಲೋ ಹಾಕಿ ಮೊದಲ ಗೇರಿನಲ್ಲಿ ಬಿಟ್ಟರೆ ಎಂಜಿನ್ನೇ ಗಾಡಿಯನ್ನು ತಡೆಯುತ್ತದೆ. ಕ್ಲಚ್ ಒತ್ತಿದರೆ ಆ ತಡೆ ತಪ್ಪಿ ಗಾಡಿ ಓಟ ಕೀಳುತ್ತದೆ. ಕಲ್ಲಿನ ದಾರಿಯಲ್ಲಿ ಸ್ಟಿಯರಿಂಗ್ ಹಿಡಿದಾಗ ಹೆಬ್ಬೆರಳು ಚಕ್ರದ ಒಳಗಿರಬಾರದು. ಪವರ್ ಸ್ಟಿಯರಿಂಗ್ ಇಲ್ಲದ ಗಾಡಿಯಲ್ಲಿ ಮುಂದಿನ ಗಾಲಿ ಕಲ್ಲಿಗೆ ಬಡಿದರೆ ಚಕ್ರ ರಪ್ಪನೆ ತಿರುಗಿ ಬೆರಳು ಮುರಿಯುತ್ತದೆ.

ಹಳ್ಳ ದಾಟುವುದು ಎಲ್ಲಕ್ಕಿಂತ ಎಚ್ಚರ ಬೇಡುವ ಕೆಲಸ. ನಿಂತ ನೀರಿನ ಆಳವನ್ನು ನಡೆದು ನೋಡಿ, ಗಾಲಿಯ ನಡುಮಟ್ಟಕ್ಕಿಂತ ಹೆಚ್ಚಿದ್ದರೆ ಬಿಡುವುದೇ ಲೇಸು. ಲೋ ಗೇರಿನಲ್ಲಿ, ಒಂದೇ ವೇಗದಲ್ಲಿ, ಮುಂದೆ ಸಣ್ಣ ಅಲೆ ಏಳುವಂತೆ ಸಾಗಬೇಕು. ಡೀಸೆಲ್ ಎಂಜಿನ್ನಿಗೆ ಸ್ಪಾರ್ಕ್ ಪ್ಲಗ್ಗಿನ ಹಂಗಿಲ್ಲ, ಗಾಳಿ ಎಳೆಯುವ ಬಾಯಿ ನೀರಿನ ಮೇಲಿದ್ದರೆ ಸಾಕು. ಹಳೆಯ ಪೆಟ್ರೋಲ್ ಎಂಜಿನ್ನಿನ ಡಿಸ್ಟ್ರಿಬ್ಯೂಟರಿಗೆ ನೀರು ಚಿಮ್ಮಿದರೆ ನಡುನೀರಿನಲ್ಲಿಯೇ ನಿಂತುಬಿಡುತ್ತದೆ. ನೀರಿನಲ್ಲಿ ನಿಂತುಹೋದ ಎಂಜಿನ್ನನ್ನು, ಸಿಲಿಂಡರಿಗೆ ನೀರು ಹೊಕ್ಕಿಲ್ಲ ಎಂದು ಖಚಿತವಾಗುವವರೆಗೆ ಮತ್ತೆ ಸ್ಟಾರ್ಟ್ ಮಾಡಬಾರದು. ನೀರು ಒತ್ತಡಕ್ಕೆ ಕುಗ್ಗುವುದಿಲ್ಲವಾದ್ದರಿಂದ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಹರಿಯುವ ನೀರಿನ ಮಾತೇ ಬೇರೆ. ರಭಸವಾಗಿ ಹರಿಯುವ ಎರಡು ಅಡಿ ನೀರು ಹೆಚ್ಚಿನ ವಾಹನಗಳನ್ನು ತೇಲಿಸಿಕೊಂಡು ಹೋಗುತ್ತದೆ. ಮಳೆಗಾಲದ ವರದಾ, ಕುಮುದ್ವತಿ ಮತ್ತು ಅವುಗಳಿಗೆ ಸೇರುವ ಹಳ್ಳಗಳು ಕೆಂಪಾಗಿ ಹರಿಯುತ್ತಿದ್ದರೆ ಯಾವ ಗಾಡಿಯೂ ಇಳಿಯಕೂಡದು.

ಸಿಕ್ಕಿಕೊಂಡಾಗ

ಸಿಕ್ಕಿಕೊಳ್ಳುವುದು ಈ ಹವ್ಯಾಸದ ಭಾಗ. ಹಾಗಾಗಿ ಒಂಟಿ ಗಾಡಿಯಲ್ಲಿ ಹೋಗಬಾರದು, ಕನಿಷ್ಠ ಎರಡು ಗಾಡಿಗಳಿರಬೇಕು. ಗಾಲಿ ಸುಮ್ಮನೆ ತಿರುಗತೊಡಗಿದರೆ ಆ ಕ್ಷಣವೇ ಆಕ್ಸಿಲರೇಟರ್ ಬಿಡಬೇಕು. ಇನ್ನಷ್ಟು ತಿರುಗಿಸಿದರೆ ಇನ್ನಷ್ಟು ಆಳ. ಸಲಿಕೆಯಿಂದ ಗಾಲಿಯ ಮುಂದಿನ ಮತ್ತು ಆಕ್ಸಲ್ ಕೆಳಗಿನ ಮಣ್ಣು ತೆಗೆದು, ಗೋಣಿಚೀಲ, ಹಲಗೆ ಅಥವಾ ಚಪ್ಪಟೆ ಕಲ್ಲು ಹಾಕಿ, ಮೆಲ್ಲಗೆ ಹೊರಡಿಸಿದರೆ ಬಹಳ ಸಲ ಗಾಡಿ ತಾನೇ ಬರುತ್ತದೆ.

ಎಳೆಯಲೇಬೇಕಾದರೆ ಎಳೆಯುವ ಸಾಧನದ ಮೇಲೆ ಗಮನ ಬೇಕು. ಕಬ್ಬಿಣದ ಸರಪಳಿಯನ್ನು ಸಡಿಲ ಬಿಟ್ಟು ಜಗ್ಗಿದರೆ ಅದು ಹರಿದು ಗುಂಡಿನಂತೆ ಹಾರುತ್ತದೆ. ಎಳೆತಕ್ಕೆಂದೇ ಮಾಡಿದ ನೈಲಾನ್ ಪಟ್ಟಿ ಹಿಗ್ಗಿ, ಮತ್ತೆ ಕುಗ್ಗುವ ಬಲದಿಂದ ಗಾಡಿಯನ್ನು ಕೀಳುತ್ತದೆ. ಅದನ್ನು ಚಾಸಿಗೆ ಭದ್ರವಾಗಿ ಜೋಡಿಸಿದ ಕೊಂಡಿಗೆ ಶ್ಯಾಕಲ್‌ನಿಂದ ಕಟ್ಟಬೇಕು. ಬಂಪರಿಗೆ, ಸ್ಪ್ರಿಂಗಿಗೆ, ಸ್ಟಿಯರಿಂಗ್ ರಾಡಿಗೆ ಕಟ್ಟಬಾರದು. ವಿಂಚಿನ ಉಕ್ಕಿನ ಹಗ್ಗ ಬಳಸುವಾಗ ಅದರ ನಡುವೆ ಒಂದು ತುಂಬಿದ ಗೋಣಿಚೀಲ ಹೊದಿಸಿದರೆ, ಹರಿದರೂ ಹಗ್ಗ ಮೇಲಕ್ಕೆ ಹಾರುವುದಿಲ್ಲ. ಎಳೆಯುವಾಗ ನೋಡುಗರೆಲ್ಲ ಹಗ್ಗದ ಉದ್ದದ ಒಂದೂವರೆ ಪಟ್ಟು ದೂರ ನಿಲ್ಲಬೇಕು, ಮಕ್ಕಳನ್ನು ಇನ್ನೂ ದೂರ ಇರಿಸಬೇಕು. ಕೊನೆಯ ನೆರವು ಊರಿನ ಟ್ರ್ಯಾಕ್ಟರ್. ಕರೆದ ಕೂಡಲೇ ಬಂದು ಎಳೆದುಕೊಡುವ ರೈತನ ಸಮಯಕ್ಕೂ ಡೀಸೆಲಿಗೂ ಬೆಲೆ ಕೊಡುವುದು ಹವ್ಯಾಸಿಗಳ ಕರ್ತವ್ಯ.

ಕೊಳ್ಳುವ ಮೊದಲು

ಹಳೆಯ ಜೀಪು ಕೊಳ್ಳುವಾಗ ಮೊದಲು ಬಗ್ಗಿ ನೋಡಬೇಕು. ಹೊರಗಿನಿಂದ ಒಂದೇ ರೀತಿ ಕಾಣುವ ಮಹೀಂದ್ರಾ ಜೀಪುಗಳಲ್ಲಿ ಬಹಳಷ್ಟು ಎರಡು ಗಾಲಿ ಚಾಲನೆಯವು. ಮುಂದಿನ ಆಕ್ಸಲ್ ನಡುವೆ ಅಥವಾ ಬದಿಗೆ ಡಿಫರೆನ್ಷಿಯಲ್ ಗುಂಡು, ಅದಕ್ಕೆ ಬರುವ ಶಾಫ್ಟು ಎರಡೂ ಇದ್ದರೆ ಮಾತ್ರ ಅದು ನಾಲ್ಕು ಗಾಲಿಯ ಗಾಡಿ. ಮುಂದಿನ ಹಬ್ಬುಗಳು ಲಾಕ್ ಆಗುತ್ತವೆಯೇ, ಲೋ ಹಾಕಿ ಏರು ಹತ್ತಿಸಿದಾಗ ಲಿವರ್ ತಾನಾಗಿ ಹೊರಬೀಳುತ್ತದೆಯೇ ಎಂದು ಓಡಿಸಿ ನೋಡಬೇಕು.

ಬಣ್ಣಕ್ಕೆ ಮರುಳಾಗದೆ ಚಾಸಿಯನ್ನು ಸುತ್ತಿಗೆಯಿಂದ ತಟ್ಟಬೇಕು. ತುಕ್ಕು ತಿಂದ ಜಾಗ ಮಂಕಾದ ಸದ್ದು ಕೊಡುತ್ತದೆ. ಸ್ಪ್ರಿಂಗುಗಳು ಕೂರುವ ಬ್ರಾಕೆಟ್, ಸ್ಟಿಯರಿಂಗ್ ಬಾಕ್ಸ್ ಕೂರುವ ಜಾಗ, ವೆಲ್ಡಿಂಗ್ ಗುರುತುಗಳು ಮುಖ್ಯ. ಸ್ಟಿಯರಿಂಗಿನ ಅತಿಯಾದ ಪ್ಲೇ, ಗಾಲಿಯ ಅಲುಗಾಟ, ಯೂನಿವರ್ಸಲ್ ಜಾಯಿಂಟುಗಳ ಕಟಕಟ ಸದ್ದು ಇವೆಲ್ಲ ರಿಪೇರಿಯಾಗುವಂಥವು, ಆದರೆ ಬೆಲೆ ಮಾತಾಡುವಾಗ ಲೆಕ್ಕಕ್ಕೆ ಬರಬೇಕು. ಎಂಜಿನ್ ಆಯಿಲ್ ಹಾಕುವ ಮುಚ್ಚಳ ತೆಗೆದಾಗ ಹೊಗೆ ಪುಸುಪುಸು ಬಂದರೆ ಪಿಸ್ಟನ್ ರಿಂಗುಗಳ ಕಾಲ ಮುಗಿದಿದೆ ಎಂದರ್ಥ.

ಕಾಗದಪತ್ರ ಯಂತ್ರದಷ್ಟೇ ಮುಖ್ಯ. ಆರ್‌ಸಿಯಲ್ಲಿರುವ ಚಾಸಿ ಸಂಖ್ಯೆ ಮತ್ತು ಎಂಜಿನ್ ಸಂಖ್ಯೆಗಳನ್ನು ಗಾಡಿಯ ಮೇಲಿರುವುದರೊಂದಿಗೆ ತಾಳೆ ನೋಡಬೇಕು. ಖಾಸಗಿ ವಾಹನದ ನೋಂದಣಿ 15 ವರ್ಷಗಳಿಗೆ. ಅನಂತರ ತಪಾಸಣೆಗೆ ಒಪ್ಪಿಸಿ 5 ವರ್ಷಗಳಿಗೊಮ್ಮೆ ನವೀಕರಿಸಬೇಕು. ನವೀಕರಣದ ಶುಲ್ಕ 2022ರ ಏಪ್ರಿಲ್‌ನಿಂದ ಏರಿದೆ. ಮೋಟಾರು ವಾಹನ ಕಾಯ್ದೆಯ 52ನೆಯ ಕಲಮಿನ ಪ್ರಕಾರ, ತಯಾರಕರು ಕೊಟ್ಟ ಮೂಲ ವಿವರಗಳಿಗೆ ಹೊಂದದಂತೆ ಗಾಡಿಯನ್ನು ಮಾರ್ಪಡಿಸುವಂತಿಲ್ಲ. ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಇದನ್ನು ಎತ್ತಿಹಿಡಿದಿದೆ. ಬೇರೆ ಎಂಜಿನ್ ಕೂರಿಸಿದ, ಚಾಸಿ ಕತ್ತರಿಸಿ ಗಿಡ್ಡ ಮಾಡಿದ, ಹಲವು ಗಾಡಿಗಳ ಭಾಗ ಸೇರಿಸಿ ಕಟ್ಟಿದ ಜೀಪುಗಳು ಅಗ್ಗಕ್ಕೆ ಸಿಕ್ಕರೂ ರಸ್ತೆಗೆ ಇಳಿಸಲಾಗದೆ ಮನೆಯ ಮುಂದೆ ನಿಲ್ಲುವ ಸಾಧ್ಯತೆ ಹೆಚ್ಚು. ಮೂಲ ರೂಪದಲ್ಲಿರುವ, ದಾಖಲೆ ಸರಿಯಿರುವ ಸಾಮಾನ್ಯ ಗಾಡಿಯೇ ಕೊನೆಗೆ ಅಗ್ಗ.

ನೆಲ ಯಾರದು

ಈ ನಾಲ್ಕು ತಾಲೂಕುಗಳಲ್ಲಿ ಖಾಲಿ ಎಂದು ಕಾಣುವ ನೆಲವೆಲ್ಲ ಯಾರಿಗೋ ಸೇರಿದ್ದು. ಹೊಲ ರೈತನದು, ಗೋಮಾಳ ಊರ ದನಕರುಗಳದು, ಕಾಡು ಅರಣ್ಯ ಇಲಾಖೆಯದು. ಅರಣ್ಯದೊಳಗೆ ಅನುಮತಿಯಿಲ್ಲದೆ ವಾಹನ ಒಯ್ಯುವುದು ಅಪರಾಧ. ಬಂಕಾಪುರದ ಕೋಟೆಯಲ್ಲಿ ನವಿಲುಧಾಮವಿದೆ. ಅಲ್ಲಿಯ ನಗರೇಶ್ವರ, ಹಾನಗಲ್ಲಿನ ತಾರಕೇಶ್ವರ ದೇಗುಲಗಳು ಸಂರಕ್ಷಿತ ಸ್ಮಾರಕಗಳು. ಇಂಥ ಕಡೆ ಗಾಡಿಯ ಸದ್ದೂ ಹೋಗಬಾರದು. ಬೇಸಿಗೆಯ ಬೀಳು ಹೊಲ, ಹಳೆಯ ಗರಸಿನ ಗುಂಡಿಗಳಂಥ ಜಾಗಗಳನ್ನು ಅವುಗಳ ಒಡೆಯರನ್ನು ಕೇಳಿ ಬಳಸಿದರೆ ಕಲಿಕೆಗೆ ಅಷ್ಟೇ ಸಾಕು.

ಎಲ್ಲಕ್ಕಿಂತ ಕಾಯಬೇಕಾದದ್ದು ಬದುಗಳನ್ನು. ಮಳೆನೀರನ್ನು ಹೊಲದಲ್ಲಿ ನಿಲ್ಲಿಸಲು ಕಟ್ಟಿದ ಬದುವನ್ನು ಒಂದು ಜೀಪು ಒಮ್ಮೆ ಹತ್ತಿ ಇಳಿದರೆ, ಮುಂದಿನ ಮಳೆಗೆ ಅದೇ ಜಾಗದಲ್ಲಿ ನೀರು ಒಡೆದುಕೊಂಡು ಮೇಲ್ಮಣ್ಣನ್ನು ಒಯ್ಯುತ್ತದೆ. ಹಸಿ ಹೊಲದ ದಾರಿಯಲ್ಲಿ ಬಿದ್ದ ಆಳವಾದ ಗಾಲಿಜಾಡು ಒಣಗಿ ಗಟ್ಟಿಯಾದರೆ, ಚಕ್ಕಡಿ ಎಳೆಯುವ ಎತ್ತಿನ ಕಾಲು ಉಳುಕುತ್ತದೆ. ಬಿತ್ತಿದ ಹೊಲ, ಕಾಲುವೆಯ ಏರಿ, ಕೆರೆಯ ಏರಿ ಮತ್ತು ಕೋಡಿ, ಇವುಗಳ ಮೇಲೆ ಗಾಲಿ ಇಡಕೂಡದು. ಹಾಳಾದ ದಾರಿಯನ್ನು ಸಲಿಕೆ ಹಿಡಿದು ಸರಿಮಾಡಿಯೇ ಹೊರಡಬೇಕು. ಆಗ ಮಾತ್ರ ಅದೇ ಊರಿನವರು ಇನ್ನೊಂದು ಸಲ ದಾರಿ ಬಿಡುತ್ತಾರೆ.

ಮರಳಿದ ಮೇಲೆ

ಗಾಡಿ ಮನೆಗೆ ಬಂದ ದಿನವೇ ತೊಳೆಯಬೇಕು. ಚಾಸಿಯ ಸಂದು, ರೇಡಿಯೇಟರಿನ ಜಾಲರಿ, ಬ್ರೇಕ್ ಡ್ರಮ್ಮುಗಳಲ್ಲಿ ಉಳಿದ ಕೆಸರು ತುಕ್ಕಿಗೂ ಬಿಸಿಗೂ ಸವೆತಕ್ಕೂ ಕಾರಣ. ನೀರಿಗೆ ಇಳಿದಿದ್ದರೆ ಗೇರ್‌ಬಾಕ್ಸ್, ಟ್ರಾನ್ಸ್‌ಫರ್ ಕೇಸ್ ಮತ್ತು ಎರಡೂ ಡಿಫರೆನ್ಷಿಯಲ್‌ಗಳ ಎಣ್ಣೆ ನೋಡಬೇಕು. ಎಣ್ಣೆ ಹಾಲು ಬೆರೆಸಿದಂತೆ ಬೆಳ್ಳಗಾಗಿದ್ದರೆ ನೀರು ಸೇರಿದೆ ಎಂದರ್ಥ, ತಡಮಾಡದೆ ಬದಲಾಯಿಸಬೇಕು. ಜಾಯಿಂಟು ಮತ್ತು ಶ್ಯಾಕಲ್‌ಗಳಿಗೆ ಗ್ರೀಸ್ ಗನ್ನಿನಿಂದ ಹೊಸ ಗ್ರೀಸು ತುಂಬಿ ಹಳೆಯ ಕೊಳಕು ಹೊರಬರುವಂತೆ ಮಾಡಬೇಕು. ಗಾಲಿಯ ಬೋಲ್ಟು, ಸ್ಪ್ರಿಂಗಿನ ಯು ಬೋಲ್ಟು, ಸ್ಟಿಯರಿಂಗಿನ ಜೋಡಣೆಗಳನ್ನು ಒಮ್ಮೆ ಬಿಗಿ ನೋಡಬೇಕು. ಈ ಕ್ರಮ ತಪ್ಪದೆ ನಡೆಸಿದರೆ ಹಲವು ದಶಕ ಹಳೆಯ ಜೀಪು ಕೂಡ ಮುಂದಿನ ಮುಂಗಾರಿಗೆ ಸಿದ್ಧವಾಗಿರುತ್ತದೆ, ಖರ್ಚೂ ಕೈಮೀರುವುದಿಲ್ಲ.